ಸಿಂಪೈ: ಕರಣಿ ಮತ್ತು ಘಾತಾಂಕಗಳ ಲೆಕ್ಕಕ್ಕೆ ಒಂದು ಹಟಮಾರಿ ತಂತ್ರಾಂಶ

√75 + √12 − √27 ಅಂತ ಕೊಟ್ಟು ಎಂಟರ್ ಒತ್ತಿದರೆ ಸಿಂಪೈ 4√3 ಅಂತ ಉತ್ತರ ಕೊಡುತ್ತದೆ. ಸರಳೀಕರಿಸು ಅಂತ ನಾವು ಹೇಳಿರುವುದೇ ಇಲ್ಲ. ಹೇಳದೆಯೇ ಮಾಡಿ ಮುಗಿಸುತ್ತದೆ. ಅದೇ ತಂತ್ರಾಂಶಕ್ಕೆ √(ಎಕ್ಸ್²) ಕೊಟ್ಟು ನೋಡಿ. √(ಎಕ್ಸ್²) ಅಂತಲೇ ವಾಪಸ್ ಬರುತ್ತದೆ. ಸರಳೀಕರಿಸು ಅಂತ ಬಿಡಿಸಿ ಹೇಳಿದರೂ ಅಷ್ಟೇ. ವರ್ಗ ಮತ್ತು ವರ್ಗಮೂಲ ಹೊಡೆದು ಹಾಕುವುದು ಇದಕ್ಕೆ ಬರಲ್ವಾ ಅಂತ ಹೊಸದಾಗಿ ಬಳಸುವವರಿಗೆ ಅನಿಸುತ್ತದೆ. ಬರುತ್ತದೆ. ಬೇಕಂತಲೇ ಮಾಡುವುದಿಲ್ಲ. ಈ ಹಟಕ್ಕಾಗಿಯೇ ನನಗೆ ಸಿಂಪೈ ಇಷ್ಟ. ಕೆಲವು ಕಡೆ ಇದೇ ಹಟ ಅದಕ್ಕೆ ಮರೆತುಹೋಗುತ್ತದೆ, ಅದನ್ನೂ ಹೇಳುತ್ತೇನೆ.

ನಾನು ಹೈಸ್ಕೂಲು ಮತ್ತು ಅದಕ್ಕಿಂತ ಮೇಲಿನ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಪ್ರಶ್ನೆಪತ್ರಿಕೆ ತಯಾರಿಸುವುದು, ಅದಕ್ಕೆ ಕೀ ಉತ್ತರ ಬರೆಯುವುದು, ಆಮೇಲೆ ಮಕ್ಕಳ ಉತ್ತರ ತಿದ್ದುವುದು, ಇದೇ ನನ್ನ ದಿನಚರಿ. ಕರಣಿ (√2ರ ಹಾಗೆ ಪೂರ್ತಿ ಬಿಡಿಸಲು ಬಾರದ ಮೂಲ) ಮತ್ತು ಘಾತಾಂಕಗಳ ಪಾಠ ಬಂತೆಂದರೆ ತಿದ್ದುವ ಕೆಲಸ ಜಾಸ್ತಿಯಾಗುತ್ತದೆ. ಒಂದೇ ಉತ್ತರವನ್ನು ಒಬ್ಬೊಬ್ಬರು ಒಂದೊಂದು ವೇಷದಲ್ಲಿ ಬರೆದಿರುತ್ತಾರೆ. ಒಬ್ಬರು 1/√2, ಇನ್ನೊಬ್ಬರು √2/2, ಮತ್ತೊಬ್ಬರು 2 ಘಾತ −1/2. ಧೈರ್ಯವಂತರು √0.5 ಅಂತಲೂ ಬರೆಯುತ್ತಾರೆ. ಎಲ್ಲವೂ ಒಂದೇ ಸಂಖ್ಯೆ. ಇಷ್ಟು ಚಿಕ್ಕದಾಗಿದ್ದರೆ ಕಣ್ಣಲ್ಲೇ ಗೊತ್ತಾಗುತ್ತದೆ. ಛೇದದಲ್ಲಿ ಮೂರು ಕರಣಿ ಬಂದರೆ ಗೊತ್ತಾಗುವುದಿಲ್ಲ.

ಸಿಂಪೈ ಅಂದರೆ ಪೈಥಾನ್ ಭಾಷೆಯಲ್ಲಿ ಬರೆದ ಬೀಜಗಣಿತದ ತಂತ್ರಾಂಶ. ಒಂಡ್ರೆಯ್ ಚೆರ್ಟೀಕ್ ಎನ್ನುವವರು ಶುರು ಮಾಡಿದ್ದು. 2007ರಿಂದ ಬಿಡುಗಡೆಯಾಗುತ್ತಾ ಬಂದಿದೆ, ಈಗ ತುಂಬಾ ಜನ ಸೇರಿ ಬೆಳೆಸುತ್ತಿದ್ದಾರೆ. ಪೂರ್ತಿ ಉಚಿತ. ಒಳಗಿನ ಕೋಡನ್ನು ಯಾರು ಬೇಕಾದರೂ ತೆರೆದು ನೋಡಬಹುದು. ಇನ್‌ಸ್ಟಾಲ್ ಮಾಡುವುದು ಬೇಜಾರು ಅಂದರೆ ಬ್ರೌಸರಿನಲ್ಲೇ ನಡೆಯುವ ಸಿಂಪೈ ಲೈವ್ ಇದೆ. ಅದು ತೆರೆದುಕೊಳ್ಳಲು ಸ್ವಲ್ಪ ಹೊತ್ತು ಬೇಕು, ಆಮೇಲೆ ಸಲೀಸು.

ಬರೀ ಸಂಖ್ಯೆಗಳ ಲೆಕ್ಕದಲ್ಲಿ ಇದರ ಬಗ್ಗೆ ದೂರು ಹೇಳುವುದಕ್ಕೆ ಏನೂ ಇಲ್ಲ. 16 ಘಾತ −3/4 ಅಂದರೆ 1/8. 8/27 ಘಾತ −2/3 ಅಂದರೆ 9/4. ದಶಮಾಂಶ ಇಲ್ಲ, ಅಂದಾಜು ಇಲ್ಲ, ಭಿನ್ನರಾಶಿಯಾಗಿಯೇ ಬರುತ್ತದೆ. ಋಣ ಘಾತಾಂಕ ಕಂಡ ಕೂಡಲೇ ಉತ್ತರವೂ ಋಣ ಅಂದುಕೊಳ್ಳುವ ಮಕ್ಕಳಿಗೆ ಇದು ತುಂಬಾ ಉಪಯೋಗ. 2ರ ಘಾತಾಂಕವನ್ನು 3ರಿಂದ ಒಂದೊಂದೇ ಇಳಿಸುತ್ತಾ ಹೋಗಿ ಅಂತ ಹೇಳುತ್ತೇನೆ. 8, 4, 2, 1, ಆಮೇಲೆ 1/2, 1/4, 1/8. ಪ್ರತಿ ಸಲ ಅರ್ಧವಾಗುತ್ತಿದೆ, ಎಲ್ಲೂ ಸೊನ್ನೆ ದಾಟಿ ಕೆಳಗೆ ಹೋಗಲಿಲ್ಲ. ಸಾಮಾನ್ಯ ಕ್ಯಾಲ್ಕುಲೇಟರಿನಲ್ಲಿ 0.5, 0.25, 0.125 ಅಂತ ಬಂದಾಗ ಈ ಸಾಲು ಅಷ್ಟು ಚೆನ್ನಾಗಿ ಕಾಣುವುದಿಲ್ಲ.

ಇಲ್ಲಿಯವರೆಗೆ ಹೊಗಳಿದ್ದಾಯಿತು. ಈಗ ಮೊದಲ ದಿನವೇ ಎಲ್ಲರೂ ಬೀಳುವ ಹಳ್ಳಗಳು.

ಘಾತಕ್ಕೆ ^ ಗುರುತು ಹಾಕಬಾರದು, ಎರಡು ನಕ್ಷತ್ರದ ಗುರುತು (**)  ಹಾಕಬೇಕು. ಪೈಥಾನಿನಲ್ಲಿ ^ ಗೆ ಬೇರೆಯೇ ಕೆಲಸ ಇದೆ. 2^3 ಅಂತ ಬರೆದರೆ 8 ಬರುವುದಿಲ್ಲ, 1 ಬರುತ್ತದೆ. ತಪ್ಪು ಅಂತ ಎಚ್ಚರಿಕೆಯೂ ಬರುವುದಿಲ್ಲ. ಎರಡನೆಯದು ಇನ್ನೂ ಕೆಟ್ಟದ್ದು, ಅದರಲ್ಲೂ ನಮ್ಮ ಪಾಠಕ್ಕೆ. ಘಾತಾಂಕ ಭಿನ್ನರಾಶಿಯಾಗಿದ್ದರೆ ಸುಮ್ನೆ 1/3 ಅಂತ ಬರೆಯುವ ಹಾಗಿಲ್ಲ. ಸಿಂಪೈ ಕೈಗೆ ಸಿಗುವ ಮೊದಲೇ ಪೈಥಾನ್ ಆ 1/3 ಅನ್ನು ಭಾಗಿಸಿ 0.333 ಅಂತ ಮಾಡಿಬಿಟ್ಟಿರುತ್ತದೆ. 64 ಘಾತ 1/3 ಅಂತ ಬರಿಯ ಪೈಥಾನಿಗೆ ಕೊಟ್ಟರೆ 3.9999999999999996 ಅನ್ನುತ್ತದೆ. ಯಾಕೆಂದರೆ ಕಂಪ್ಯೂಟರ್ ಇಟ್ಟುಕೊಂಡ 1/3 ನಿಜವಾದ 1/3ಕ್ಕಿಂತ ಕೂದಲೆಳೆಯಷ್ಟು ಕಡಿಮೆ. ರ‍್ಯಾಷನಲ್ ಅನ್ನುವ ಪದ ಹಾಕಿ ಆವರಣದಲ್ಲಿ 1, 3 ಅಂತ ಬರೆದರೆ ಸರಿಯಾಗಿ 4 ಬರುತ್ತದೆ. ಆವರಣವನ್ನೇ ಮರೆತು ಎಕ್ಸ್**1/2 ಅಂತ ಬರೆದರೋ, ಅದು ಎಕ್ಸ್‌ನ ವರ್ಗಮೂಲ ಅಲ್ಲ, ಎಕ್ಸ್‌ನ ಅರ್ಧ. ಈ ಕೊನೆಯದು ಪಾಠಕ್ಕೆ ಒಳ್ಳೆಯದೇ. ಕಾಗದದ ಮೇಲೂ ಮಕ್ಕಳು ಘಾತಾಂಕವನ್ನು ಅರ್ಧ ಮೇಲೆ, ಅರ್ಧ ಸಾಲಿನಲ್ಲಿ ಬರೆದು ಆಮೇಲೆ ತಾವೇ ತಪ್ಪಾಗಿ ಓದಿಕೊಳ್ಳುತ್ತಾರೆ.

ಈಗ ಆ ಹಟದ ವಿಷಯ. ಎಕ್ಸ್ ಯಾವ ಜಾತಿಯ ಸಂಖ್ಯೆ ಅಂತ ಹೇಳದಿದ್ದರೆ ಸಿಂಪೈ ಅದನ್ನು ಸಂಕೀರ್ಣ ಸಂಖ್ಯೆ (ಋಣ ಸಂಖ್ಯೆಗಳ ವರ್ಗಮೂಲವನ್ನೂ ಸೇರಿಸಿಕೊಂಡ ಸಂಖ್ಯೆ) ಅಂತಲೇ ಇಟ್ಟುಕೊಳ್ಳುತ್ತದೆ. ಹಾಗಿರುವಾಗ √(ಎಕ್ಸ್²) ಗೆ ಒಂದೇ ಮಾತಿನ ಉತ್ತರ ಇಲ್ಲ. ಎಕ್ಸ್ ವಾಸ್ತವ ಸಂಖ್ಯೆ ಅಂತ ಘೋಷಿಸಿ, |ಎಕ್ಸ್|, ಅಂದರೆ ಋಣ ಚಿಹ್ನೆ ಬಿಟ್ಟ ಬೆಲೆ, ಕೊಡುತ್ತದೆ. ಧನ ಸಂಖ್ಯೆ ಅಂತ ಘೋಷಿಸಿ, ಆಗ ಎಕ್ಸ್ ಕೊಡುತ್ತದೆ. ದಾಖಲೆ ತೋರಿಸದೆ ಸಹಿ ಹಾಕದ ಗುಮಾಸ್ತರ ಹಾಗೆ ಇದರ ನಡವಳಿಕೆ. ಕಿರಿಕಿರಿ ಹೌದು. ಆದರೆ ಎಕ್ಸ್ ಜಾಗದಲ್ಲಿ −3 ಹಾಕಿ ನೋಡಿ. ವರ್ಗ 9, ವರ್ಗಮೂಲ 3. ಶುರು ಮಾಡಿದ್ದು −3ರಿಂದ, ಬಂದು ನಿಂತದ್ದು 3ಕ್ಕೆ. ಘಾತಾಂಕಗಳನ್ನು ಗುಣಿಸಿದರೆ 2 × 1/2 = 1, ಆದ್ದರಿಂದ ಎಕ್ಸ್, ಅನ್ನುವ ನಮ್ಮ ನಿಯಮ ಇಲ್ಲಿ ಕೈ ಕೊಟ್ಟಿತು ಅಲ್ವಾ?

ಪುಸ್ತಕಗಳಲ್ಲಿ ‘ಎಲ್ಲಾ ಚರಾಕ್ಷರಗಳೂ ಧನ ಸಂಖ್ಯೆಗಳು ಎಂದು ಭಾವಿಸಿ’ ಅಂತ ಒಂದು ಸಾಲು ಅಭ್ಯಾಸದ ತಲೆಯ ಮೇಲೆ ಇರುತ್ತದೆ. ಅದನ್ನು ಓದುವ ಮಕ್ಕಳನ್ನು ನಾನು ಕಂಡಿಲ್ಲ. ಸಿಂಪೈ ಆ ಸಾಲನ್ನು ನಮ್ಮ ಕೈಯಲ್ಲೇ ಟೈಪ್ ಮಾಡಿಸುತ್ತದೆ. ಟೈಪ್ ಮಾಡದಿದ್ದರೆ ಕೆಲಸ ಮುಂದೆ ಹೋಗುವುದಿಲ್ಲ. ಬೇರೆ ಯಾವ ಸಾಧನವೂ ಈ ಸಾಲಿನ ಬೆಲೆಯನ್ನು ಇಷ್ಟು ಚೆನ್ನಾಗಿ ಮನವರಿಕೆ ಮಾಡಿಸಿದ್ದನ್ನು ನಾನು ನೋಡಿಲ್ಲ. ಫೋಟೋ ತೆಗೆದರೆ ಲೆಕ್ಕ ಬಿಡಿಸಿಕೊಡುವ ಒಂದು ಆಪ್ ಬಳಸಿದ್ದೆ. ಅದು √(ಎಕ್ಸ್²) ಕಂಡ ಕೂಡಲೇ ಎಕ್ಸ್ ಅಂತ ಬರೆದು, ಪಕ್ಕದಲ್ಲಿ ಹಸಿರು ಟಿಕ್ ಹಾಕಿ ಮುಂದೆ ಹೋಗುತ್ತಿತ್ತು.

ಧನ ಅಂತ ಘೋಷಿಸಿದ ಮಾತ್ರಕ್ಕೆ ಎಲ್ಲವೂ ಬಿಡುಗಡೆ ಅಂತಲೂ ಅಲ್ಲ. √(ಎಕ್ಸ್² − 6ಎಕ್ಸ್ + 9) ತೆಗೆದುಕೊಳ್ಳಿ. ಒಳಗಿನದನ್ನು ಅಪವರ್ತಿಸಿದರೆ ಎಕ್ಸ್ − 3ರ ವರ್ಗ. ಎಕ್ಸ್ ಧನ ಅಂತ ಹೇಳಿಯಾಗಿದೆ, ಹಾಗಾದರೆ ಉತ್ತರ ಎಕ್ಸ್ − 3 ಅಂತ ನನ್ನ ಹತ್ತಿರ ಕಲಿಯುವ ಹುಡುಗಿಯೊಬ್ಬಳು ಖಚಿತವಾಗಿ ಹೇಳಿದಳು. ಸಿಂಪೈ |ಎಕ್ಸ್ − 3| ಅಂದಿತು. ‘ಮಿಸ್, ಇದಕ್ಕೆ ಧನ ಅಂತ ಹೇಳಿದ್ದು ಕೇಳಿಸಲಿಲ್ಲ’ ಅಂದಳು. ಎಕ್ಸ್ 1 ಆಗಿದ್ದರೆ ಏನಾಗುತ್ತದೆ ನೋಡು ಅಂದೆ. ಎಕ್ಸ್ ಧನ, ಆದರೆ ಎಕ್ಸ್ − 3 ಅಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ಹಳೆಯ ನೋಟ್ಸ್ ತೆಗೆದು ತಾನೇ ತಿದ್ದತೊಡಗಿದಳು.

√ಎಕ್ಸ್ × √ವೈ = √(ಎಕ್ಸ್ ವೈ) ಅನ್ನುವುದೂ ಹೀಗೆಯೇ. ಧನ ಅಂತ ಹೇಳದಿದ್ದರೆ ಸಿಂಪೈ ಒಪ್ಪುವುದಿಲ್ಲ. ಎರಡೂ −1 ಆಗಿದ್ದರೆ ಎಡಗಡೆ −1, ಬಲಗಡೆ 1. √(1/ಎಕ್ಸ್) ಮತ್ತು 1/√ಎಕ್ಸ್ ಕೂಡ ಒಂದೇ ಅಲ್ಲ. ಎಕ್ಸ್‌ಗೆ −1 ಹಾಕಿದರೆ ಒಂದು ಐ (−1ರ ವರ್ಗಮೂಲ), ಇನ್ನೊಂದು −ಐ. ಆದರೆ √ಎಕ್ಸ್‌ ಮತ್ತು ಎಕ್ಸ್‌ನ ಘನಮೂಲವನ್ನು ಗುಣಿಸಿದರೆ ಕೇಳದೆಯೇ ಎಕ್ಸ್ ಘಾತ 5/6 ಅಂತ ಕೂಡಿಸಿಕೊಡುತ್ತದೆ. ಇಲ್ಲಿ ಹಟ ಇಲ್ಲ. ಯಾಕೆಂದರೆ ಆಧಾರ ಒಂದೇ ಇದ್ದಾಗ ಘಾತಾಂಕ ಕೂಡುವುದರಲ್ಲಿ ಈ ಅಪಾಯ ಇಲ್ಲ. ಯಾವ ನಿಯಮ ಎಲ್ಲಿ ಬೇಕಾದರೂ ನಡೆಯುತ್ತದೆ, ಯಾವುದಕ್ಕೆ ಷರತ್ತು ಬೇಕು ಅನ್ನುವುದು ಸಿಂಪೈ ಎಲ್ಲಿ ಮಾಡುತ್ತದೆ, ಎಲ್ಲಿ ಬಿಡುತ್ತದೆ ಅನ್ನುವುದನ್ನು ನೋಡಿದರೇ ತಿಳಿದುಹೋಗುತ್ತದೆ. ಪುಸ್ತಕದ ಚೌಕದಲ್ಲಿ ಏಳೆಂಟು ನಿಯಮಗಳು ಒಂದೇ ಗಾತ್ರದ ಅಕ್ಷರದಲ್ಲಿ ಸಾಲಾಗಿ ನಿಂತಿರುವಾಗ ಈ ವ್ಯತ್ಯಾಸ ಕಾಣಿಸುವುದಿಲ್ಲ.

ಷರತ್ತುಗಳೆಲ್ಲ ಬೇಡ, ಹೇಗಾದರೂ ಮಾಡು ಅನ್ನುವವರಿಗೆ ‘ಫೋರ್ಸ್’ ಅನ್ನುವ ಆಯ್ಕೆ ಇದೆ. ಅದನ್ನು ಹಾಕಿದರೆ √(ಎಕ್ಸ್²) ಮರುಮಾತಿಲ್ಲದೆ ಎಕ್ಸ್ ಆಗುತ್ತದೆ. ಹೆಸರು ಸರಿಯಾಗಿಯೇ ಇಟ್ಟಿದ್ದಾರೆ.

−8ರ ಘನಮೂಲದ ಕಥೆ ಬೇರೆ. ನಮ್ಮ ತರಗತಿಯಲ್ಲಿ ಉತ್ತರ −2. ಸಿಂಪೈಗೆ −8 ಘಾತ 1/3 ಅಂತ ಕೊಟ್ಟರೆ 2 ಗುಣಿಲೆ −1ರ ಘಾತ 1/3 ಅಂತ ಬರೆದು ಕೈ ಕಟ್ಟಿ ಕೂರುತ್ತದೆ. ದಶಮಾಂಶದಲ್ಲಿ ಹೇಳು ಅಂದರೆ 1 + 1.732ಐ ಅನ್ನುತ್ತದೆ. ಮಕ್ಕಳು ಹೌಹಾರುತ್ತಾರೆ. −8ಕ್ಕೆ ಘನಮೂಲಗಳು ಮೂರು: −2 ಒಂದು, 1 + √3ಐ ಮತ್ತು 1 − √3ಐ ಇನ್ನೆರಡು. ಸಂಕೀರ್ಣ ಸಂಖ್ಯೆಗಳ ಲೋಕದಲ್ಲಿ ‘ಮುಖ್ಯ ಮೂಲ’ ಅಂತ ಆರಿಸುವುದು 1 + √3ಐ ಅನ್ನು. ನಮಗೆ −2 ಬೇಕಿದ್ದರೆ ‘ರಿಯಲ್ ರೂಟ್’ ಅನ್ನುವ ಬೇರೆ ಆದೇಶ ಇದೆ, ಅದು −2 ಕೊಡುತ್ತದೆ. ಗ್ರಾಫ್ ಎಳೆಯುವ ಕೆಲವು ಸಾಧನಗಳು ನೇರವಾಗಿ −2 ಅನ್ನುತ್ತವೆ, ಕೆಲವು ಸಿಂಪೈ ಹಾಗೆಯೇ ಅನ್ನುತ್ತವೆ. ಯಾವುದೂ ಸುಳ್ಳಲ್ಲ. ಆದರೆ ಹೈಸ್ಕೂಲಿನ ಮಗುವಿಗೆ ಇದನ್ನು ಮುನ್ಸೂಚನೆ ಇಲ್ಲದೆ ಕೊಟ್ಟರೆ ಅರ್ಧ ಗಂಟೆ ಹೋಗುತ್ತದೆ.

ಹೋದರೂ ಪರವಾಗಿಲ್ಲ ಅನ್ನಿಸುವ ಒಂದು ಕಾರಣವೂ ಇದೆ. −8 ಘಾತ 1/3 ಅನ್ನು −2 ಅಂತಲೇ ಇಟ್ಟುಕೊಳ್ಳೋಣ. 1/3 ಅಂದರೂ 2/6 ಅಂದರೂ ಒಂದೇ. ಈಗ −8 ಘಾತ 2/6 ಮಾಡಿ. ಮೊದಲು ವರ್ಗ, 64. ಆಮೇಲೆ ಆರನೇ ಮೂಲ, 2. ಅದೇ ಆಧಾರ, ಅದೇ ಘಾತಾಂಕ, ಒಂದು ಸಲ −2, ಇನ್ನೊಂದು ಸಲ 2. ಭಿನ್ನರಾಶಿ ಘಾತಾಂಕದ ನಿಯಮಗಳಿಗೆ ಆಧಾರ ಧನವಾಗಿರಬೇಕು ಅಂತ ಯಾಕೆ ಹೇಳುತ್ತಾರೆ ಅನ್ನುವುದಕ್ಕೆ ಇದಕ್ಕಿಂತ ಚಿಕ್ಕ ಉದಾಹರಣೆ ನನಗೆ ಗೊತ್ತಿಲ್ಲ. ಸಿಂಪೈ ಈ ಬಲೆಗೆ ಬೀಳುವುದಿಲ್ಲ. 2/6 ಕೊಟ್ಟ ತಕ್ಷಣ ಅದನ್ನು 1/3 ಮಾಡಿಕೊಂಡೇ ಮುಂದಿನ ಕೆಲಸ.

ಛೇದದ ಅಕರಣೀಕರಣಕ್ಕೆ, ಅಂದರೆ ಛೇದದಿಂದ ಕರಣಿ ತೆಗೆಯುವುದಕ್ಕೆ ಬರೋಣ. ಛೇದದಲ್ಲಿ ಒಂದೇ ಪದವಿದ್ದು ಅದು ಕರಣಿಯಾದರೆ ಕೇಳಬೇಕಾಗಿಲ್ಲ, 1/√2 ತಾನಾಗಿ √2/2 ಆಗುತ್ತದೆ. ಎರಡು ಪದ ಇದ್ದರೆ ಹಾಗೆಯೇ ಬಿಡುತ್ತದೆ. ‘ರ‍್ಯಾಡ್‌ಸಿಂಪ್’ ಅಂತ ಆದೇಶ ಕೊಡಬೇಕು. 1/(√5 − √3) ಕೊಟ್ಟರೆ (√3 + √5)/2. ಕೈಯಲ್ಲಿ ಮಾಡಲು ಯಾರಿಗೂ ಇಷ್ಟವಿಲ್ಲದ 1/(√2 + √3 + √5) ಕೊಡಿ, ಕಣ್ಣು ಮಿಟುಕಿಸುವುದರೊಳಗೆ ಛೇದದಲ್ಲಿ ಬರೀ 12 ಉಳಿದಿರುತ್ತದೆ, ಮೇಲೆ 2√3 + 3√2 − √30. ಕರಣಿಯೊಳಗೆ ಕರಣಿ ಇದ್ದರೆ ಅದಕ್ಕೆ ಬೇರೆ ಆದೇಶ. √(5 + 2√6) ಕೊಟ್ಟರೆ √2 + √3 ಅಂತ ಬಿಚ್ಚಿಕೊಡುತ್ತದೆ. √(1 + √2) ಹಾಗೆ ಬಿಚ್ಚಲು ಬರುವುದಿಲ್ಲ, ಅದನ್ನು ಮುಟ್ಟದೆ ವಾಪಸ್ ಕೊಡುತ್ತದೆ. ಪ್ರಶ್ನೆಪತ್ರಿಕೆ ಮಾಡುವವರಿಗೆ ಇದು ವರ. ಸುಮ್ನೆ ಕೆಲವು ಸಂಖ್ಯೆ ಹಾಕಿ ನೋಡಿದರೆ ಯಾವುದು ಬಿಡಿಸಲು ಬರುವ ಲೆಕ್ಕ, ಯಾವುದು ಅಲ್ಲ ಅಂತ ಮೊದಲೇ ಗೊತ್ತಾಗುತ್ತದೆ.

ಹಟ ಮರೆಯುವುದು ಇಲ್ಲೇ. 1/(√ಎಕ್ಸ್ + √ವೈ) ಅನ್ನು ರ‍್ಯಾಡ್‌ಸಿಂಪ್‌ಗೆ ಕೊಡಿ. (√ಎಕ್ಸ್ − √ವೈ)/(ಎಕ್ಸ್ − ವೈ) ಅಂತ ನೀಟಾಗಿ ಬರುತ್ತದೆ. ಎಕ್ಸ್ ಮತ್ತು ವೈ ಸಮವಾಗಿದ್ದರೆ? ಮೊದಲಿನ ರೂಪಕ್ಕೆ ಬೆಲೆ ಇದೆ, 1/(2√ಎಕ್ಸ್). ಹೊಸ ರೂಪದಲ್ಲಿ 0/0. √(ಎಕ್ಸ್²) ಗೆ ಅಷ್ಟು ಪತ್ರ ಕೇಳಿದ ತಂತ್ರಾಂಶ ಇಲ್ಲಿ ಒಂದು ಮಾತೂ ಕೇಳುವುದಿಲ್ಲ. ಅಕ್ಷರಗಳಿರುವ ಛೇದವನ್ನು ಮುಟ್ಟಬೇಡ ಅಂತ ಹೇಳುವ ಸ್ವಿಚ್ ಒಂದಿದೆ, ಆದರೆ ನಾವೇ ಅದನ್ನು ಹಾಕಬೇಕು. ಹಾಗೆ ನೋಡಿದರೆ ಬೋರ್ಡಿನ ಮೇಲೆ ನಾವೆಲ್ಲ ಮಾಡುವುದೂ ಇದನ್ನೇ. ‘ಎಕ್ಸ್ ≠ ವೈ’ ಅಂತ ಪಕ್ಕದಲ್ಲಿ ಬರೆಯುವವರು ಕಡಿಮೆ.

ಇನ್ನೊಂದು ವಿಚಿತ್ರ. ಸಂಖ್ಯೆಗಳಾದರೆ √2 × √3 ಅನ್ನು √6 ಅಂತ ಸೇರಿಸುತ್ತದೆ. ಧನ ಅಂತ ಘೋಷಿಸಿದ ಅಕ್ಷರಗಳಾದರೆ ಉಲ್ಟಾ, √(ಎಕ್ಸ್ ವೈ) ಅನ್ನು √ಎಕ್ಸ್ × √ವೈ ಅಂತ ಒಡೆದು ಹಾಕುತ್ತದೆ. ಸೇರಿಸು ಅಂದರೂ ಸೇರುವುದಿಲ್ಲ, ಸೇರಿಸಿದ ಮರುಕ್ಷಣವೇ ಮತ್ತೆ ಒಡೆಯುತ್ತದೆ. ಇದನ್ನು ಅದರ ಕೈಪಿಡಿಯಲ್ಲೇ ಬರೆದಿದ್ದಾರೆ. ಪುಸ್ತಕದಲ್ಲಿ √(ಎಕ್ಸ್ ವೈ) ಅಂತ ಇದ್ದು ಪರದೆಯ ಮೇಲೆ ಬೇರೆ ಕಂಡರೆ ಮಕ್ಕಳು ತಮ್ಮದು ತಪ್ಪು ಅಂದುಕೊಳ್ಳುತ್ತಾರೆ. ಪದಗಳ ಸಾಲೂ ಹಾಗೆಯೇ. √5 − √3 ಅನ್ನು −√3 + √5 ಅಂತ ತೋರಿಸುತ್ತದೆ. ಋಣ ಗುರುತಿನಿಂದ ಸಾಲು ಶುರುವಾದರೆ ನನಗೆ ಈಗಲೂ ಕಣ್ಣಿಗೆ ಚುಚ್ಚುತ್ತದೆ. ಸಾದಾ ಮೋಡಿನಲ್ಲಿ ಎಕ್ಸ್ ಘಾತ −3 ಹಾಗೆಯೇ ಇರುತ್ತದೆ, ಘಾತ −1/2 ಇದ್ದರೆ 1/√ಎಕ್ಸ್ ಆಗಿಬಿಡುತ್ತದೆ. ‘ಉತ್ತರವನ್ನು ಧನ ಘಾತಾಂಕಗಳಲ್ಲಿ ಬರೆಯಿರಿ’ ಅನ್ನುವ ಪ್ರಶ್ನೆಗೆ ಇದು ಆಗದು. ಚಿತ್ರದ ಹಾಗೆ ಅಂದವಾಗಿ ತೋರಿಸುವ ಮೋಡ್ ಹಾಕಿಕೊಂಡರೆ ಇವೆಲ್ಲ ಛೇದಕ್ಕೆ ಇಳಿಯುತ್ತವೆ. ಅದನ್ನು ಮೊದಲೇ ಹಾಕಿಕೊಳ್ಳಿ.

‘ಅತ್ಯಂತ ಸರಳ ರೂಪ’ ಅಂದರೆ ಏನು ಅಂತ ಸಿಂಪೈಗೆ ಕೇಳಿದರೆ ಅದರ ಹತ್ತಿರ ಉತ್ತರ ಇಲ್ಲ. ಸಿಂಪ್ಲಿಫೈ ಅನ್ನುವ ಆದೇಶ ಒಂದಷ್ಟು ಉಪಾಯಗಳನ್ನು ಪ್ರಯತ್ನಿಸಿ ಚೆನ್ನಾಗಿ ಕಂಡದ್ದನ್ನು ಕೊಡುತ್ತದೆ, ಅಷ್ಟೇ. ಎಕ್ಸ್² + 2ಎಕ್ಸ್ + 1 ಕೊಟ್ಟರೆ ಹಾಗೆಯೇ ಬಿಡುತ್ತದೆ, (ಎಕ್ಸ್ + 1)² ಅನ್ನುವುದಿಲ್ಲ. ಆದ್ದರಿಂದ ಏನು ಬೇಕೋ ಅದರ ನಿರ್ದಿಷ್ಟ ಆದೇಶವನ್ನೇ ಕೊಡುವುದು ಒಳ್ಳೆಯದು. ಎಕ್ಸ್ ಘಾತ −1 ಮತ್ತು ವೈ ಘಾತ −1 ಕೂಡಿಸಿ, ಇಡೀ ಮೊತ್ತಕ್ಕೆ ಮತ್ತೆ ಘಾತ −1 ಹಾಕುವ ಲೆಕ್ಕದಲ್ಲಿ ಮಾತ್ರ ಸಿಂಪ್ಲಿಫೈ ನನ್ನ ಮೆಚ್ಚಿನದು. ಮಕ್ಕಳಲ್ಲಿ ಬಹಳಷ್ಟು ಜನ ಎಕ್ಸ್ + ವೈ ಅಂತ ಬರೆಯುತ್ತಾರೆ. ಸಿಂಪೈ ಎಕ್ಸ್ ವೈ/(ಎಕ್ಸ್ + ವೈ) ಅನ್ನುತ್ತದೆ. ಎರಡಕ್ಕೂ 2, 2 ಹಾಕಿ ನೋಡಿ ಅಂದರೆ ಒಂದು ಕಡೆ 4, ಇನ್ನೊಂದು ಕಡೆ 1. ವಾದ ಅಲ್ಲಿಗೆ ಮುಗಿಯುತ್ತದೆ.

ಉತ್ತರ ತಿದ್ದಲು ನಾನು ಇದನ್ನು ಬಳಸುವ ರೀತಿ ಹೀಗೆ. ಮಗುವಿನ ಉತ್ತರದಿಂದ ನನ್ನ ಕೀ ಉತ್ತರ ಕಳೆದು ಸರಳೀಕರಿಸು ಅನ್ನುತ್ತೇನೆ. ಸೊನ್ನೆ ಬಂದರೆ ಅಂಕ. ಎರಡರ ಮಧ್ಯೆ ಸಮ ಚಿಹ್ನೆ ಹಾಕಿ ಕೇಳಬಾರದು. ಅದು ಬರೆದ ರೂಪ ಒಂದೇನಾ ಅಂತ ನೋಡುತ್ತದೆ, ಬೆಲೆ ಒಂದೇನಾ ಅಂತ ಅಲ್ಲ. ಸರಿಯಾದ ಉತ್ತರಕ್ಕೂ ತಪ್ಪು ಅಂದುಬಿಡಬಹುದು. ಕರಣಿ ಇರುವ ಸಮೀಕರಣಗಳಲ್ಲೂ ನಂಬಬಹುದು. √(ಎಕ್ಸ್ + 6) = ಎಕ್ಸ್ ಅನ್ನು ವರ್ಗ ಮಾಡಿ ಬಿಡಿಸಿದರೆ 3 ಮತ್ತು −2 ಸಿಗುತ್ತವೆ. −2 ಹಾಕಿದರೆ ಎಡಗಡೆ 2, ಬಲಗಡೆ −2, ಆದ್ದರಿಂದ ಅದು ಸುಳ್ಳು ಮೂಲ. ಸಿಂಪೈ 3 ಮಾತ್ರ ಕೊಡುತ್ತದೆ.

ದೊಡ್ಡ ಕೊರತೆ ಒಂದೇ: ಹಂತಗಳನ್ನು ತೋರಿಸುವುದಿಲ್ಲ. ಉತ್ತರ ಬಂತು, ಹೇಗೆ ಬಂತು ಅಂತ ಕೇಳುವ ಹಾಗಿಲ್ಲ. √75 ಅನ್ನು 25 × 3 ಅಂತ ಒಡೆದದ್ದು ಎಲ್ಲೂ ಕಾಣುವುದಿಲ್ಲ. ಈ ಪಾಠವನ್ನು ಮೊದಲ ಸಲ ಕಲಿಯುವ ಮಗುವಿನ ಕೈಗೆ ಅದಕ್ಕೇ ನಾನು ಇದನ್ನು ಕೊಡುವುದಿಲ್ಲ. ಪೈಥಾನಿನ ಗಂಧವೇ ಇಲ್ಲದವರಿಗೂ ಶುರುವಿನಲ್ಲಿ ಕಷ್ಟ. ಅಕ್ಷರ ಬಳಸುವ ಮೊದಲು ಅದನ್ನು ಘೋಷಿಸಬೇಕು, ಗುಣಾಕಾರದ ಗುರುತು ಬಿಡುವಂತಿಲ್ಲ, 2ಎಕ್ಸ್ ಅಂತ ಅಂಟಿಸಿ ಬರೆದರೆ ಒಪ್ಪುವುದಿಲ್ಲ. ಪಾಠ ಒಂದು ಸುತ್ತು ಮುಗಿಸಿ, ನಿಯಮಗಳು ಬಾಯಿಪಾಠವಾಗಿ, ಆದರೂ ಅಂಕ ಹೋಗುತ್ತಿರುವ ಮಕ್ಕಳಿಗೆ ಹೇಳಿ ಮಾಡಿಸಿದ ಹಾಗಿದೆ. ಟೀಚರುಗಳಿಗಂತೂ ಕಣ್ಣು ಮುಚ್ಚಿ ಹೇಳುತ್ತೇನೆ, ಇಟ್ಟುಕೊಳ್ಳಿ. ನನ್ನ ಲೆಕ್ಕದಲ್ಲಿ ಐದಕ್ಕೆ ನಾಲ್ಕು.

ಹೊಸದಾಗಿ ಶುರು ಮಾಡುವವರು ಸಿಂಪೈ ಲೈವ್ ತೆರೆದು, ಮೊದಲ ಸಾಲಿನಲ್ಲಿ ಒಂದು ಅಕ್ಷರವನ್ನು ಧನ ಅಂತ, ಇನ್ನೊಂದನ್ನು ವಾಸ್ತವ ಅಂತ ಘೋಷಿಸಿ, ಮೂರನೆಯದರ ಬಗ್ಗೆ ಏನೂ ಹೇಳದೆ ಬಿಡಿ. ಮೂರರದ್ದೂ ವರ್ಗ ಮಾಡಿ ವರ್ಗಮೂಲ ಕೇಳಿ. ಆಮೇಲೆ ನಾಲ್ಕನೇ ಘಾತ ಮಾಡಿ ವರ್ಗಮೂಲ ಕೇಳಿ. ವಾಸ್ತವ ಅಂತ ಹೇಳಿದ ಅಕ್ಷರಕ್ಕೆ ಈ ಸಲ ಆ ನಿಂತ ಗೆರೆಗಳು ಯಾಕೆ ಬರಲಿಲ್ಲ ಅಂತ ಮಕ್ಕಳನ್ನೇ ಕೇಳಿ.